ರಜೆಯಲ್ಲಿ ಕುಡಿದ ಡೈಕಿರಿ ಮನೆಯಲ್ಲಿ ಯಾಕೆ ಹಾಗಾಗಲ್ಲ?

ಪ್ರಶ್ನೆ: ನನಗೂ ನನ್ನ ಹೆಂಡತಿಗೂ ಊರೂರು ಸುತ್ತಿ ಚೆನ್ನಾಗಿ ತಿನ್ನುವುದು, ಕುಡಿಯುವುದು ಅಂದರೆ ಇಷ್ಟ. ಕಳೆದ ರಜೆಯಲ್ಲಿ ಒಂದು ಸಣ್ಣ ಬಾರ್‌ನಲ್ಲಿ ಡೈಕಿರಿ ಕುಡಿದೆವು, ರಮ್, ನಿಂಬೆರಸ, ಸಕ್ಕರೆ ಸೇರಿಸಿ ಮಾಡುವುದು. ಅಷ್ಟು ಚೆನ್ನಾಗಿರುವ ಕಾಕ್‌ಟೇಲ್ ಅದಕ್ಕೆ ಮೊದಲು ಕುಡಿದೇ ಇರಲಿಲ್ಲ. ಬಾರ್‌ಟೆಂಡರ್ ಹತ್ತಿರ ಅಳತೆ ಕೇಳಿ ಬರೆದುಕೊಂಡೆ, ಅದೇ ರಮ್ ಬಾಟಲಿಯನ್ನೂ ಹೊತ್ತು ತಂದೆ. ಮನೆಯಲ್ಲಿ ಮಾಡಿದರೆ ಒಂದು ದಿನ ಗಂಟಲು ಸುಡುತ್ತದೆ, ಇನ್ನೊಂದು ದಿನ ಬರೀ ಸಿಹಿ. ನೀರಾಗಬಾರದು ಅಂತ ಐಸ್ ಕಡಿಮೆ ಹಾಕುತ್ತೇನೆ, ಆದರೂ ನೀರು ನೀರು ಅನಿಸುತ್ತದೆ. ಹೆಂಡತಿ ಹೇಳುವುದು, "ಅದು ರಜೆಯ ರುಚಿ, ಮನೆಗೆ ಬರಲ್ಲ" ಅಂತ. ಅವಳು ಹೇಳುವುದು ಸರೀನಾ? ಹಾಗೇ ಇನ್ನೆರಡು: ವಿಮಾನದಲ್ಲಿ ಊಟ ಯಾಕೆ ಯಾವಾಗಲೂ ಸಪ್ಪೆ? ಗೊತ್ತಿಲ್ಲದ ಊರಿನಲ್ಲಿ ಊಟಕ್ಕೆ ಒಳ್ಳೆಯ ಜಾಗ ಹುಡುಕುವುದು ಹೇಗೆ?

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇರಬಹುದು. ರಮ್ ಕೂಡ ಅದೇ. ಆದರೆ ಆ ಚೀಟಿಯಲ್ಲಿ ಒಂದು ಸಾಮಾನು ಬಿಟ್ಟುಹೋಗಿದೆ. ಯಾವ ಬಾರ್‌ಟೆಂಡರ್ ಆದರೂ ಅದನ್ನು ಬರೆದು ಕೊಡುವುದಿಲ್ಲ, ಯಾಕೆಂದರೆ ಅವರು ಅದನ್ನು ಅಳೆದು ಹಾಕುವುದೇ ಇಲ್ಲ. ಅದು ನೀರು.

1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಏನು ಅಂತ ಬರೆಯಿತು. ಅದೂ ಓದುಗರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವೇ! ಅವರು ಕೊಟ್ಟ ಪಟ್ಟಿ ಇಷ್ಟೇ: ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಗಿಡಮೂಲಿಕೆಯ ಕಹಿ ದ್ರಾವಣ). ನೋಡಿ, ನೀರು ಆಗಲೇ ಆ ಪಟ್ಟಿಯಲ್ಲಿದೆ. ಅದೇ ವರ್ಷ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್‌ನಿಂದ ಕೆರೆಯ ಐಸ್ ತುಂಬಿದ ಹಡಗನ್ನು ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪಕ್ಕೆ ಕಳಿಸಿದ. ಐಸ್ ಎಲ್ಲ ಕಡೆ ಸಿಗುವ ಹಾಗೆ ಆದ ಮೇಲೆ ನೀರನ್ನು ಬೇರೆಯಾಗಿ ಸುರಿಯುವ ಕೆಲಸ ತಪ್ಪಿತು. ಐಸ್ ಕರಗಿ ತಾನೇ ಆ ನೀರು ಕೊಡುತ್ತದೆ.

ಎಷ್ಟು ಕೊಡುತ್ತದೆ? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಬೇಜಾರಾಗಬೇಡಿ. ನಿಮ್ಮ ಡೈಕಿರಿ 60 ಮಿಲಿ ರಮ್, 25 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಸಿರಪ್ ಅಂದುಕೊಳ್ಳಿ. ಒಟ್ಟು 105 ಮಿಲಿ. ಕೋಣೆಯಲ್ಲಿ 25 ಡಿಗ್ರಿ ಇದೆ, ಇದನ್ನು ಮೈನಸ್ 5 ಡಿಗ್ರಿಗೆ ಇಳಿಸಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡಲು ಒಂದು ಕ್ಯಾಲರಿ ಶಾಖ ಹೊರಗೆ ಹೋಗಬೇಕು. ಒಂದು ಗ್ರಾಂ ಐಸ್ ಕರಗುವಾಗ 80 ಕ್ಯಾಲರಿ ಎಳೆದುಕೊಳ್ಳುತ್ತದೆ. ಅಂದರೆ 30 ಡಿಗ್ರಿ ಇಳಿಸಬೇಕಾದರೆ ಹತ್ತಿರ ಹತ್ತಿರ 40 ಗ್ರಾಂ ಐಸ್ ಕರಗಿಯೇ ತೀರಬೇಕು. ನಿಮ್ಮ 105 ಮಿಲಿ ಈಗ 145 ಆಯಿತು. ಶೇಕರ್‌ಗೆ, ಅಂದರೆ ಐಸ್ ಹಾಕಿ ಆಡಿಸುವ ಮುಚ್ಚಳದ ಡಬ್ಬಿಗೆ, ಹೋಗುವಾಗ ಶೇಕಡಾ 23ರಷ್ಟಿದ್ದ ಆಲ್ಕೋಹಾಲ್ ಗ್ಲಾಸಿಗೆ ಬರುವಾಗ 17ಕ್ಕೆ ಇಳಿದಿರುತ್ತದೆ. ರಜೆಯಲ್ಲಿ ನೀವು ಮೆಚ್ಚಿದ ಡೈಕಿರಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇದ್ದದ್ದು ಕರಗಿದ ಐಸೇ.

ಸೊನ್ನೆ ಡಿಗ್ರಿಯಲ್ಲಿ ಕರಗುವ ಐಸ್ ಮೈನಸ್ 5ಕ್ಕೆ ಹೇಗೆ ಇಳಿಸುತ್ತದೆ ಅಂತ ಕೆಲವರು ಕೇಳುತ್ತಾರೆ. ಆಲ್ಕೋಹಾಲ್ ಮತ್ತು ಸಕ್ಕರೆ ಸೇರಿದಾಗ ನೀರು ಹೆಪ್ಪುಗಟ್ಟುವ ಮಟ್ಟವೇ ಕೆಳಗಿಳಿಯುತ್ತದೆ. ಹಾಗಾಗಿ ಐಸ್ ಸೊನ್ನೆಯ ಕೆಳಗೂ ಕರಗುತ್ತಲೇ ಇರುತ್ತದೆ, ಶಾಖ ಎಳೆಯುತ್ತಲೇ ಇರುತ್ತದೆ.

ಈಗ ನಿಮ್ಮ 'ಐಸ್ ಕಡಿಮೆ' ವಿಷಯಕ್ಕೆ ಬರುತ್ತೇನೆ. ಬಹಳ ಜನ ಇಲ್ಲೇ ಜಾರುವುದು. ಎರಡು ತುಂಡು ಐಸ್ ಹಾಕಿ ಶೇಕ್ ಮಾಡಿದರೆ ಅವೆರಡೂ ಪೂರ್ತಿ ಕರಗಿಹೋಗುತ್ತವೆ. ನೀರು ಸೇರಬೇಕಾದಷ್ಟು ಸೇರಿತು, ತಣ್ಣಗೆ ಮಾತ್ರ ಆಗಲಿಲ್ಲ. ಶೇಕರ್ ತುಂಬ ಐಸ್ ಹಾಕಿದರೆ? ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಮೈನಸ್ 18ರ ಹತ್ತಿರ ಇರುತ್ತದೆ. ಅದು ಕರಗುವ ಮೊದಲೇ, ತಾನು ಬಿಸಿಯಾಗುತ್ತಾ ಸ್ವಲ್ಪ ಶಾಖ ನುಂಗುತ್ತದೆ. ಇನ್ನೂರು ಗ್ರಾಂ ಐಸ್ ಇದ್ದರೆ ಅದೇ ದೊಡ್ಡ ಸಹಾಯ. ಆದ್ದರಿಂದ ಐಸ್ ಜಾಸ್ತಿ ಹಾಕಿದಷ್ಟೂ ಪಾನೀಯ ಬೇಗ ತಣ್ಣಗಾಗುತ್ತದೆ, ನೀರಾಗುವುದು ಕಡಿಮೆ. ಕೇಳಲು ಉಲ್ಟಾ ಅನಿಸುತ್ತದೆ ಅಲ್ವಾ? ಮಾಡಿ ನೋಡಿ. ಒಂದೇ ಅಳತೆಯ ಎರಡು ಡೈಕಿರಿ ಮಾಡಿ, ಒಂದನ್ನು ಮೂರು ತುಂಡು ಐಸ್‌ನಲ್ಲಿ, ಇನ್ನೊಂದನ್ನು ಮುಕ್ಕಾಲು ಶೇಕರ್ ಐಸ್‌ನಲ್ಲಿ. ಅಡುಗೆಗೆ ಬಳಸುವ ಥರ್ಮಾಮೀಟರ್ ಇದ್ದರೆ ಅದ್ದಿ ನೋಡಿ. ಇಲ್ಲದಿದ್ದರೂ ಪರವಾಗಿಲ್ಲ, ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ.

ಐಸನ್ನು ಬಟ್ಟಲಿಗೆ ಹಾಕಿ ಹತ್ತು ನಿಮಿಷ ಹೊರಗಿಟ್ಟರೆ ಅದರ ಮೇಲೆ ನೀರು ಕೂರುತ್ತದೆ. ಆ ನೀರು ತಣ್ಣಗೆ ಮಾಡುವ ಕೆಲಸ ಮಾಡದೆ ಸುಮ್ನೆ ಗ್ಲಾಸಿಗೆ ಸೇರುತ್ತದೆ. ಅದಕ್ಕೇ ರಸ, ಸಿರಪ್, ರಮ್ ಎಲ್ಲ ಅಳೆದು ಶೇಕರ್‌ಗೆ ಹಾಕಿಯಾದ ಮೇಲೆ, ಕೊನೆಗೆ ಫ್ರೀಜರ್ ತೆಗೆಯಿರಿ. ಆಮೇಲೆ ಮುಚ್ಚಳ ಗಟ್ಟಿಯಾಗಿ ಹಾಕಿ, 12ರಿಂದ 15 ಸೆಕೆಂಡು ಜೋರಾಗಿ ಆಡಿಸಿ. ಮನೆಯಲ್ಲಿ ಹೆಚ್ಚಿನವರು ಕೈ ಕೊರೆಯುತ್ತದೆ ಅಂತ ಐದು ಸೆಕೆಂಡಿಗೇ ನಿಲ್ಲಿಸುತ್ತಾರೆ. ನೀವು ಹೇಳಿದ ಗಂಟಲು ಸುಡುವ ದಿನ ಬಹುಶಃ ಅದೇ. ತಣ್ಣಗಾಗಿಲ್ಲ, ನೀರೂ ಸಾಕಷ್ಟು ಸೇರಿಲ್ಲ. ಶೇಕರ್‌ನ ಹೊರಮೈಯಲ್ಲಿ ಬಿಳಿ ಮಂಜು ಕಟ್ಟಬೇಕು, ಲೋಹ ಬೆರಳಿಗೆ ಅಂಟುವ ಹಾಗಾಗಬೇಕು. ಅಷ್ಟಾದ ಮೇಲೆ ಇನ್ನೂ ಅರ್ಧ ನಿಮಿಷ ಆಡಿಸಿದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಭುಜ ನೋಯುತ್ತದೆ ಅಷ್ಟೇ.

ಇನ್ನು 'ಬರೀ ಸಿಹಿ' ಆಗುವ ದಿನ. ನಾಲಿಗೆಯ ಮೇಲೆ ಸಿಹಿ ತಿಳಿಯುವುದು ಬಿಸಿಯ ಮೇಲೂ ನಿಂತಿದೆ. ತಣ್ಣಗಿದ್ದಾಗ ಸಿಹಿ ಮಂಕಾಗುತ್ತದೆ, ಬೆಚ್ಚಗಾದಂತೆ ಮುಂದೆ ಬರುತ್ತದೆ. ಕರಗಿದ ಐಸ್‌ಕ್ರೀಮ್ ತಿಂದು ನೋಡಿ, ಬಾಯಿ ಕಟ್ಟುವಷ್ಟು ಸಿಹಿ. ಮೈನಸ್ 5ಕ್ಕೆ ಸರಿಹೊಂದಿಸಿದ ಅಳತೆಯನ್ನು ನೀವು 5 ಅಥವಾ 8 ಡಿಗ್ರಿಯಲ್ಲಿ ಕುಡಿದರೆ ಸಕ್ಕರೆ ಜಾಸ್ತಿಯಾಯಿತು ಅನಿಸುವುದು ಸಹಜ. ಬಾರ್‌ನಲ್ಲಿ ಗ್ಲಾಸನ್ನು ಫ್ರೀಜರ್‌ನಲ್ಲಿ ಇಟ್ಟಿರುವುದು ಶೋಕಿಗಲ್ಲ. ಕೋಣೆಯ ಬಿಸಿಯಲ್ಲಿರುವ ದಪ್ಪ ಗಾಜು ನಿಮ್ಮ ಡೈಕಿರಿಯನ್ನು ಸುರಿದ ಕೂಡಲೇ ಕೆಲವು ಡಿಗ್ರಿ ಬೆಚ್ಚಗೆ ಮಾಡಿಬಿಡುತ್ತದೆ. ಸಣ್ಣ ಗ್ಲಾಸನ್ನೇ ಆರಿಸಿಕೊಳ್ಳಿ, ಕುಡಿಯುವ ಮುನ್ನ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಇದು ಹರಟುತ್ತಾ ಒಂದು ಗಂಟೆ ಹಿಡಿದು ಕೂರುವ ಪಾನೀಯ ಅಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ನಿಧಾನವಾಗಿ ಕುಡಿಯುವವರಾದರೆ ದೊಡ್ಡ ಐಸ್ ತುಂಡಿನ ಮೇಲೆ ಹಾಕಿಕೊಡುವ ಓಲ್ಡ್ ಫ್ಯಾಷನ್ಡ್ (ವಿಸ್ಕಿಯ ಕಾಕ್‌ಟೇಲ್) ಥರದ್ದು ವಾಸಿ.

ನಿಂಬೆರಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಟಲಿಯ ರಸ ಬೇಡ, ಅದೇ ದಿನ ಹಿಂಡಿದ್ದು ಬೇಕು. ಅಳತೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕಣ್ಣಂದಾಜು ಬಿಡಿ. 20 ಮಿಲಿಯಲ್ಲಿ 5 ಮಿಲಿ ಹೆಚ್ಚುಕಮ್ಮಿ ಆದರೆ ಅದು ಕಾಲು ಭಾಗದ ತಪ್ಪು. ಮಿಲಿ ಗೆರೆ ಇರುವ ಸಣ್ಣ ಅಳತೆ ಕಪ್ ಒಂದು ಇಟ್ಟುಕೊಳ್ಳಿ. ಸಿರಪ್ ಅಂದರೆ ಸಕ್ಕರೆ, ನೀರು ಸಮ ತೂಕದ್ದೋ, ಇಲ್ಲ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನದ್ದೋ ಅಂತ ಆ ಬಾರ್‌ಟೆಂಡರ್ ಹೇಳಿದ್ದರಾ? ಹೇಳಿಲ್ಲದಿದ್ದರೆ ಅಲ್ಲೂ ಎಡವಿರಬಹುದು, ಎರಡರ ಸಿಹಿಯೂ ಬೇರೆ ಬೇರೆ. ಸಮ ತೂಕದ್ದರಿಂದ ಶುರು ಮಾಡಿ. ನಿಂಬೆಹಣ್ಣು ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಆದ್ದರಿಂದ ಐಸ್ ಹಾಕುವ ಮೊದಲು ಒಂದು ತೊಟ್ಟು ನಾಲಿಗೆಗೆ ಹಾಕಿಕೊಳ್ಳಿ. ಆ ಹಂತದಲ್ಲಿ ಅದು ಎಲ್ಲದರಲ್ಲೂ ಸ್ವಲ್ಪ ಜೋರಾಗಿಯೇ ಇರಬೇಕು. ಹುಳಿ, ಸಿಹಿ, ಮದ್ಯ ಮೂರೂ ನಿಮ್ಮನ್ನು ಸ್ವಲ್ಪ ಬೆಚ್ಚಿಸಬೇಕು. ಆಗಲೇ ಹಿತವಾಗಿದ್ದರೆ ಐಸ್ ಆದ ಮೇಲೆ ಸಪ್ಪೆಯಾಗುತ್ತದೆ. ಒಂದು ಚಿಟಿಕೆ ಉಪ್ಪು ಹಾಕುವವರೂ ಇದ್ದಾರೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಹಾಗಾಗಿ ಹಣ್ಣಿನ ರುಚಿ ಮೇಲೆ ಬರುತ್ತದೆ. ಉಪ್ಪು ಅಂತ ಗೊತ್ತಾಗುವಷ್ಟು ಹಾಕಬಾರದು, ಅಷ್ಟೇ.

ಡೈಕಿರಿ ಹುಟ್ಟಿದ್ದು ಕ್ಯೂಬಾದಲ್ಲಿ, ಸ್ಯಾಂಟಿಯಾಗೊ ಹತ್ತಿರದ ಗಣಿ ಪ್ರದೇಶದಲ್ಲಿ. ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಗಣಿ ಎಂಜಿನಿಯರ್ 1898ರ ಸುಮಾರಿಗೆ ಮಾಡಿದ ಅಂತ ಹೇಳುತ್ತಾರೆ. ರಮ್, ನಿಂಬೆ, ಸಕ್ಕರೆ ಅಲ್ಲಿ ಕೈಗೆ ಸಿಗುವ ಸಾಮಾನು. ಅದಕ್ಕೂ ಮೊದಲೇ ಯಾರ್ಯಾರೋ ಆ ಮೂರನ್ನು ಕಲಸಿ ಕುಡಿದಿರುತ್ತಾರೆ ಬಿಡಿ. ಐಸ್ ಸೇರಿದ ಮೇಲೆ ಅದು ಡೈಕಿರಿ ಆಯಿತು.

ಇದನ್ನು ಪಳಗಿಸಿಕೊಂಡ ಮೇಲೆ ಎರಡನೆಯದಾಗಿ ನೆಗ್ರೋನಿ ಮಾಡಿ. 1919ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ಯಾಮಿಲೊ ನೆಗ್ರೋನಿ ಎಂಬ ಕೌಂಟ್‌ಗಾಗಿ ಮಾಡಿದ್ದು ಅನ್ನುವ ಕತೆ ಇದೆ. ಜಿನ್, ಕಂಪಾರಿ (ಇಟಲಿಯ ಕೆಂಪು ಬಣ್ಣದ ಕಹಿ ಮದ್ಯ), ಸಿಹಿ ವರ್ಮೂತ್, ಮೂರೂ 30 ಮಿಲಿ. ನಿಂಬೆರಸ ಇಲ್ಲ, ಆದ್ದರಿಂದ ಶೇಕ್ ಮಾಡಬೇಡಿ, ಐಸ್ ತುಂಬಿದ ಗ್ಲಾಸಿನಲ್ಲಿ ಉದ್ದ ಚಮಚದಿಂದ ಅರ್ಧ ನಿಮಿಷ ತಿರುಗಿಸಿ. ಶೇಕ್ ಮಾಡಿದರೆ ಗಾಳಿ ಗುಳ್ಳೆ, ಐಸ್ ಚೂರು ಸೇರುತ್ತವೆ. ರಸ ಇರುವ ಪಾನೀಯಕ್ಕೆ ಅದು ಹಗುರತನ ಕೊಡುತ್ತದೆ, ಬರೀ ಮದ್ಯದ್ದಕ್ಕೆ ಆ ನುಣುಪನ್ನು ಕೆಡಿಸುತ್ತದೆ. ಮನೆಯ ನೆಗ್ರೋನಿ ಕೆಡುವುದಕ್ಕೆ ಹೆಚ್ಚಾಗಿ ಕಾರಣ ಒಂದೇ: ವರ್ಮೂತ್ ಬಾಟಲಿ ವಿಸ್ಕಿ ಪಕ್ಕದಲ್ಲಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ವರ್ಮೂತ್ ಅಂದರೆ ವೈನ್. ಗಿಡಮೂಲಿಕೆ ಹಾಕಿ ಸ್ವಲ್ಪ ಮದ್ಯ ಬೆರೆಸಿರುತ್ತಾರೆ, ಸಾಮಾನ್ಯವಾಗಿ ಶೇಕಡಾ 15ರಿಂದ 18 ಆಲ್ಕೋಹಾಲ್. ತೆರೆದ ಮೇಲೆ ಫ್ರಿಜ್‌ನಲ್ಲಿಡಬೇಕು, ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಸಣ್ಣ ಬಾಟಲಿ ಕೊಳ್ಳುವುದೇ ಜಾಣತನ.

ಕೊನೆಗೆ ಕಿತ್ತಳೆ ಸಿಪ್ಪೆಯ ಒಂದು ತುಂಡನ್ನು ಗ್ಲಾಸಿನ ಮೇಲೆ ಹಿಡಿದು, ಹೊರಮೈ ಕೆಳಗೆ ಮಾಡಿ ಚಿವುಟಿ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಎಣ್ಣೆ ಹನಿಗಳು ಚಿಮ್ಮುವುದು ಕಾಣುತ್ತದೆ. ಅದು ಅಲಂಕಾರ ಅಲ್ಲ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆಯೇ. ಬಾಯೊಳಗಿನಿಂದ, ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ವಾಸನೆ. ಮೂಗು ಬಿಗಿ ಹಿಡಿದು ಒಂದು ಗುಟುಕು ಕುಡಿಯಿರಿ: ಸಿಹಿ, ಕಹಿ, ಹುಳಿ ಮಾತ್ರ ಸಿಗುತ್ತದೆ. ಮೂಗು ಬಿಡಿ, ಕಿತ್ತಳೆ, ಗಿಡಮೂಲಿಕೆ ಎಲ್ಲ ಒಟ್ಟಿಗೆ ನುಗ್ಗುತ್ತವೆ.

ಹಾಗಾದರೆ ನಿಮ್ಮ ಮನೆಯವರು ಹೇಳಿದ್ದು ತಪ್ಪಾ? ಪೂರ್ತಿ ಅಲ್ಲ. ದಿನವಿಡೀ ನಡೆದು ದಣಿದು, ಮೊಬೈಲ್ ಪಕ್ಕಕ್ಕಿಟ್ಟು, ಹಸಿದು ಕೂತಾಗ ಎಲ್ಲವೂ ಚೆನ್ನಾಗಿರುತ್ತದೆ. ಆ ಪಾಲನ್ನು ಬಾಟಲಿಯಲ್ಲಿ ತರಲಾಗದು. ಆದರೆ ನನ್ನ ಅಂದಾಜಿನಲ್ಲಿ ಅದು ಸಣ್ಣ ಪಾಲು. ಉಳಿದದ್ದು ಐಸ್, ಬಿಸಿ, ವಾಸನೆ. ಈ ಮೂರೂ ನಿಮ್ಮ ಅಡುಗೆಮನೆಯಲ್ಲಿ ಸರಿ ಮಾಡಿಕೊಳ್ಳಬಹುದಾದವು. 'ಪ್ರವಾಸದ ಮಾಯೆ' ಅಂತ ಕೈಚೆಲ್ಲುವುದು ನನಗೆ ಒಪ್ಪಿಗೆ ಇಲ್ಲ.

ಬಾಟಲಿ ತರುವ ಮಾತು ಬಂದಿದ್ದಕ್ಕೆ ಒಂದು ವಿಷಯ. ಶೇಕಡಾ 24ರಿಂದ 70ರವರೆಗಿನ ಮದ್ಯವನ್ನು ಸೀಲ್ ಒಡೆಯದ ಬಾಟಲಿಯಲ್ಲಿ ಒಬ್ಬರಿಗೆ 5 ಲೀಟರ್‌ವರೆಗೆ ವಿಮಾನದಲ್ಲಿ ಒಯ್ಯಬಹುದು. ಕೆಲವು ರಮ್ ಶೇಕಡಾ 75ರ ಮೇಲೂ ಇರುತ್ತದೆ. 70 ದಾಟಿದ್ದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ಕೊಳ್ಳುವ ಮೊದಲೇ ಲೇಬಲ್ ನೋಡಿ. ಸುಂಕವಿಲ್ಲದೆ ಎಷ್ಟು ತರಬಹುದು ಅನ್ನುವುದು ದೇಶ ದೇಶಕ್ಕೆ ಬೇರೆ.

ವಿಮಾನದ ಊಟ ಸಪ್ಪೆ ಅನಿಸುವುದಕ್ಕೂ ಬೇರು ಅಲ್ಲೇ ಇದೆ: ಮೂಗು. ವಿಮಾನ 35,000 ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಗಾಳಿಯ ತೇವ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಮೂಗು ಒಣಗಿದರೆ ವಾಸನೆ ಸರಿಯಾಗಿ ಹಿಡಿಯುವುದಿಲ್ಲ, ವಾಸನೆ ಇಲ್ಲದೆ ರುಚಿ ಎಲ್ಲಿಂದ ಬರಬೇಕು? ಮೇಲಿಂದ ಎಂಜಿನ್‌ನ ಗದ್ದಲ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 85 ಡೆಸಿಬೆಲ್ ಸದ್ದಿನಲ್ಲಿ ಜನರಿಗೆ ಬೇರೆ ಬೇರೆ ರುಚಿ ಕೊಟ್ಟು ನೋಡಿದರು. ಸಿಹಿ ಮಂಕಾಯಿತು, ಉಮಾಮಿ ಮಾತ್ರ ಎದ್ದು ಕಂಡಿತು. ಟೊಮ್ಯಾಟೊ, ಅಣಬೆ, ಹಳೆಯ ಚೀಸ್‌ನಲ್ಲಿರುವ ಆ ಗಾಢ ರುಚಿಯೇ ಉಮಾಮಿ. ನೆಲದ ಮೇಲೆ ಟೊಮ್ಯಾಟೊ ಜ್ಯೂಸ್ ಕಡೆ ತಿರುಗಿಯೂ ನೋಡದವರು ವಿಮಾನದಲ್ಲಿ ಅದನ್ನೇ ಕೇಳುತ್ತಾರೆ. ಲುಫ್ತಾನ್ಸಾ ವಿಮಾನ ಕಂಪನಿ ಇದನ್ನು ಗಮನಿಸಿ, ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಿಂದ ಪರೀಕ್ಷೆಯನ್ನೂ ಮಾಡಿಸಿತು. ಕಡಿಮೆ ಒತ್ತಡದಲ್ಲಿ ಅದೇ ಜ್ಯೂಸ್ ಹಣ್ಣಿನ ಹಾಗೆ, ಸಿಹಿಯಾಗಿ ಕಂಡಿತು.

ಅಡುಗೆಯವರ ತಪ್ಪು ಇದರಲ್ಲಿ ಕಡಿಮೆ. ಊಟ ನೆಲದ ಮೇಲೆ ಬೇಯುತ್ತದೆ, ತಣ್ಣಗೆ ಮಾಡಿ ಸಾಗಿಸುತ್ತಾರೆ, ಮೇಲೆ ಒಣ ಬಿಸಿಗಾಳಿಯ ಓವನ್‌ನಲ್ಲಿ ಮತ್ತೆ ಬಿಸಿ ಮಾಡುತ್ತಾರೆ. ಹಾಗಾಗಿ ಗ್ರೇವಿ ಜಾಸ್ತಿ ಇರುವುದನ್ನು ಆರಿಸಿ. ಗ್ರಿಲ್ ಮಾಡಿದ್ದು, ಗರಿಗರಿಯಾದದ್ದು ಅಲ್ಲಿ ಬದುಕುವುದಿಲ್ಲ. ಆ ಒತ್ತಡದಲ್ಲಿ ನೀರು 92ರಿಂದ 94 ಡಿಗ್ರಿಯಲ್ಲೇ ಕುದಿಯುವುದರಿಂದ ಟೀ ಕೂಡ ಸರಿಯಾಗಿ ಇಳಿಯುವುದಿಲ್ಲ. ಕಾಕ್‌ಟೇಲ್ ಬೇಕೇ ಬೇಕು ಅಂದರೆ ಬ್ಲಡಿ ಮೇರಿ, ಅದರಲ್ಲಿ ಟೊಮ್ಯಾಟೊ ಇದೆಯಲ್ಲ. ಒಂದು ಸಾಕು. ರಾತ್ರಿ ವಿಮಾನದಲ್ಲಿ ಕುಡಿದು ಮಲಗಿದರೆ ರಕ್ತದಲ್ಲಿ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಪೂರ್ತಿ ಬಿಡುವುದೇ ಒಳ್ಳೆಯದು.

ಹೊಸ ಊರಲ್ಲಿ ಜಾಗ ಹುಡುಕುವ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಮೆನು ಚಿಕ್ಕದಿರಲಿ. ಎಂಬತ್ತು ಬಗೆ ಬರೆದಿರುವ ಅಡುಗೆಮನೆಯಲ್ಲಿ ಎಂಬತ್ತೂ ಹೊಸದಾಗಿರಲು ಸಾಧ್ಯವಿಲ್ಲ, ಬಹುಪಾಲು ಫ್ರೀಜರ್‌ನಿಂದ ಬರಬೇಕು. ಆ ಊರಿನವರು ಉಣ್ಣುವ ಹೊತ್ತಿಗೇ ಹೋಗಿ, ಆಗ ಸಾಮಾನು ಬೇಗ ಖರ್ಚಾಗುತ್ತಿರುತ್ತದೆ, ಎಲ್ಲ ಬಿಸಿ ಬಿಸಿ. "ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ ಎಲ್ಲವೂ ಅನ್ನುತ್ತಾರೆ. "ಇವತ್ತು ಯಾವುದು ಜಾಸ್ತಿ ಹೋಗಿದೆ?" ಅಂತ ಕೇಳಿ. ದೊಡ್ಡ ಹೆಸರಿನ ಜಾಗಕ್ಕೆ ಹೋಗುವ ಆಸೆ ಇದ್ದರೆ ಮಧ್ಯಾಹ್ನದ ಊಟಕ್ಕೆ ಹೋಗಿ, ಅದೇ ಅಡುಗೆಮನೆಯ ಊಟ ಎಷ್ಟೋ ಕಡೆ ರಾತ್ರಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ.

ಮಿಶೆಲಿನ್ ಸ್ಟಾರ್ (ಮಿಶೆಲಿನ್ ಕೈಪಿಡಿ ಒಳ್ಳೆಯ ಊಟದ ಜಾಗಗಳಿಗೆ ಕೊಡುವ ಗುರುತು) ನೋಡಿ ಹೋಗಬೇಕಾ ಅಂದರೆ, ಅದು ಹುಟ್ಟಿದ ಬಗೆ ತಿಳಿದಿರಲಿ. 1900ರಲ್ಲಿ ಟೈರ್ ಕಂಪನಿಯವರು ಜನ ಕಾರು ಜಾಸ್ತಿ ಓಡಿಸಲಿ ಅಂತ ಹೊರತಂದ ಕೈಪಿಡಿ ಅದು. ಸ್ಟಾರ್ ಬಂದದ್ದು 1926ರಲ್ಲಿ. ಎರಡು ಸ್ಟಾರ್ ಅಂದರೆ ದಾರಿ ಬಳಸಿ ಹೋಗಬಹುದು, ಮೂರು ಅಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದು ಅನ್ನುವ ಲೆಕ್ಕ ಅವರದ್ದು. ದಿನದಿನದ ಊಟಕ್ಕೆ ಅದು ಬೇಕಿಲ್ಲ. ಅದೇ ಕೈಪಿಡಿಯ ಬಿಬ್ ಗೂರ್ಮಾಂಡ್ ಪಟ್ಟಿ, ಅಂದರೆ ಹೆಚ್ಚು ದುಬಾರಿಯಲ್ಲದ ಒಳ್ಳೆಯ ಜಾಗಗಳದ್ದು, ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಬಾರ್ ಆದರೆ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಹೋಗಿ, ಟೇಬಲ್ ಬಿಟ್ಟು ಕೌಂಟರ್ ಮುಂದಿನ ಸ್ಟೂಲ್‌ನಲ್ಲಿ ಕೂರಿ. ಮೊದಲು ಅವರ ಐಸ್ ನೋಡಿ. ಒಣಗಿದ, ಗಟ್ಟಿ ತುಂಡುಗಳಿದ್ದರೆ ಒಳ್ಳೆಯ ಲಕ್ಷಣ, ಬಕೆಟ್‌ನಲ್ಲಿ ಅರ್ಧ ನೀರಿದ್ದರೆ ಬಿಯರ್ ಕೇಳಿ ಎದ್ದುಬನ್ನಿ. ವರ್ಮೂತ್ ಬಾಟಲಿಯನ್ನು ಫ್ರಿಜ್‌ನಿಂದ ತೆಗೆಯುತ್ತಾರೋ ಹಿಂದಿನ ಕಪಾಟಿನಿಂದಲೋ ಅದನ್ನೂ ಗಮನಿಸಿ. ಲಂಡನ್‌ನ ಡ್ಯೂಕ್ಸ್ ಬಾರ್‌ನಲ್ಲಿ ಮಾರ್ಟಿನಿಯನ್ನು (ಜಿನ್, ವರ್ಮೂತ್ ಸೇರಿಸಿ ಮಾಡುವ ಕಾಕ್‌ಟೇಲ್) ಐಸ್‌ನಲ್ಲಿ ತಿರುಗಿಸುವುದೇ ಇಲ್ಲ. ಫ್ರೀಜರ್‌ನ ಜಿನ್ನನ್ನು ನೇರವಾಗಿ ತಣ್ಣನೆಯ ಗ್ಲಾಸಿಗೆ ಸುರಿಯುತ್ತಾರೆ. ನೀರು ಸೇರದ ಪಾನೀಯ ಎಷ್ಟು ಜೋರು ಅಂದರೆ, ಒಬ್ಬರಿಗೆ ಎರಡೇ ಅಂತ ಅವರೇ ಮಿತಿ ಹಾಕಿದ್ದಾರೆ. ಅಲ್ಲಿಗೆ ಹೋಗುವುದಾದರೆ ಮೊದಲು ಊಟ ಮಾಡಿ, ಹೋಟೆಲ್‌ಗೆ ವಾಪಸ್ ಬರಲು ಟ್ಯಾಕ್ಸಿ ಹೇಳಿಟ್ಟಿರಿ.